ಅಮೃತಶಿಲೆಗಿಂತ ಮೊದಲು ವಿದ್ಯುತ್ ವ್ಯವಸ್ಥೆ

ಸಂಘದ ಕಟ್ಟಡದ ನವೀಕರಣವೆಂದರೆ ಮಹಾಸಭೆಯಲ್ಲಿ ವೇದಿಕೆ, ಎಸಿ, ಅಮೃತಶಿಲೆಯ ಬಗ್ಗೆ ಗಂಟೆಗಟ್ಟಲೆ ಚರ್ಚೆ. ವಿದ್ಯುತ್ ವ್ಯವಸ್ಥೆಯ ಬಗ್ಗೆ ಯಾರೂ ಕೇಳುವುದಿಲ್ಲ.

ನಾನು ಇಂಜಿನಿಯರ್ ಅಲ್ಲ, ಬ್ಯಾಂಕ್ ಗುಮಾಸ್ತ. ಮುಂಬಯಿಯ ನಮ್ಮ ಶಾಖೆಯಿರುವ ಬಹುಮಹಡಿ ಕಟ್ಟಡದಲ್ಲಿ ಹಳೆಯ ಕೇಬಲ್ ಕಂತೆ ತೆಗೆದು ಬಸ್‌ಬಾರ್ ಟ್ರಂಕಿಂಗ್ ಅಳವಡಿಸಿದ್ದನ್ನು ನೋಡಿದ್ದೇನೆ. ಲೋಹದ ಕವಚದೊಳಗೆ ತಾಮ್ರ ಅಥವಾ ಅಲ್ಯೂಮಿನಿಯಂ ಪಟ್ಟಿಗಳು, ಮಹಡಿಗೊಂದು ಟ್ಯಾಪ್-ಆಫ್ ಪೆಟ್ಟಿಗೆ. ಪಟ್ಟಿಯ ಸಾಮರ್ಥ್ಯದೊಳಗೆ ಲೋಡ್ ಹೆಚ್ಚಿದರೆ ಕೆಳಗಿನಿಂದ ಹೊಸ ಕೇಬಲ್ ಎಳೆಯಬೇಕಿಲ್ಲ.

ಒಂದೆರಡು ಮಹಡಿಯ ಸಂಘಕ್ಕೆ ಉತ್ತಮ ಕೇಬಲ್ ಸಾಕು. ಬಹುಮಹಡಿ ಭವನ ಕಟ್ಟುವವರು ಎರಡಕ್ಕೂ ಕೊಟೇಶನ್ ತರಿಸಲಿ. ಆದರೆ ಬಸ್‌ಬಾರ್ ಹಾಕಿದರೆ ಎಲ್ಲ ಮುಗಿಯಿತೆಂದಲ್ಲ. ಜೋಡಣೆಯ ಬೋಲ್ಟ್ ಸಡಿಲವಾದರೆ ಅಲ್ಲೇ ಬಿಸಿಯೇರುತ್ತದೆ; ಮಳೆಗಾಲದಲ್ಲಿ ನೀರು ಸೋರಿದರೆ ಅಪಾಯ. ಅದು ಮಹಡಿ ದಾಟುವಲ್ಲಿನ ಸಂದನ್ನು ಬೆಂಕಿನಿರೋಧಕ ವಸ್ತುವಿನಿಂದ ಮುಚ್ಚದಿದ್ದರೆ ಶಾಫ್ಟೇ ಹೊಗೆಯ ಚಿಮಣಿಯಾಗುತ್ತದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಇದನ್ನು ಪ್ರತಿ ಮಹಡಿಯಲ್ಲಿ ಮುಚ್ಚಬೇಕೆನ್ನುತ್ತದೆ.

ಪದಾಧಿಕಾರಿಗಳೇ, ಲೆಕ್ಕಪತ್ರಕ್ಕೆ ಪ್ರತಿವರ್ಷ ಆಡಿಟ್ ಇದೆ. ವಿದ್ಯುತ್ತಿಗೂ ಒಂದು ಇರಲಿ. ಯಕ್ಷಗಾನದ ರಾತ್ರಿ ನಮ್ಮ ಮಕ್ಕಳು, ಹಿರಿಯರು ಕೂರುವುದು ಅದೇ ಸಭಾಗೃಹದಲ್ಲಿ.