ಕೀಲಿಗೊಂಚಲಿಗೆ ಕಾವಲು ಯಾರು?

2019ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವಿಪ್ರೋ ಸಂಸ್ಥೆಯು, ಫಿಶಿಂಗ್ ದಾಳಿಯಿಂದಾಗಿ ತನ್ನ ಕೆಲವು ಉದ್ಯೋಗಿಗಳ ಖಾತೆಗಳಲ್ಲಿ ಅಸಹಜ ಚಟುವಟಿಕೆ ಕಂಡುಬಂದಿದ್ದನ್ನು ಒಪ್ಪಿಕೊಂಡಿತು. ಒಂದೆರಡು ಖಾತೆ ಕೈತಪ್ಪಿದರೆ ಆಗುವ ನಷ್ಟವೇನು ಎಂಬ ಪ್ರಶ್ನೆ ಸಹಜ.

ಬಹುತೇಕ ಕಂಪನಿಗಳಲ್ಲಿ ಯಾರು ಯಾವ ಕಂಪ್ಯೂಟರ್, ಯಾವ ಕಡತ ತೆರೆಯಬಹುದೆಂದು ನಿರ್ಧರಿಸುವುದು ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ. ಸಾಮಾನ್ಯ ಖಾತೆಯ ಮೂಲಕ ಒಳಹೊಕ್ಕವನ ಕಣ್ಣು ಇದರ ಆಡಳಿತ ಖಾತೆಯ ಮೇಲಿರುತ್ತದೆ. ಅದು ದಕ್ಕಿದರೆ ಇಡೀ ಸಂಸ್ಥೆಯ ಕೀಲಿಗೊಂಚಲೇ ಅವನ ಕೈಸೇರಿದಂತೆ.

2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ದಾಳಿಗೆ ತುತ್ತಾದ ಡೆನ್ಮಾರ್ಕ್‌ನ ಹಡಗು ಸಂಸ್ಥೆ ಮೇರ್ಸ್ಕ್, ಡೈರೆಕ್ಟರಿಯಿದ್ದ ಸುಮಾರು 150 ಸರ್ವರ್‌ಗಳನ್ನು ಕಳೆದುಕೊಂಡಿತು. ಉಳಿದದ್ದು ಘಾನಾದ ಒಂದೇ ಸರ್ವರ್. ಕರೆಂಟ್ ಹೋಗಿದ್ದರಿಂದ ಅದು ಜಾಲದ ಸಂಪರ್ಕ ಕಳೆದುಕೊಂಡಿತ್ತು!

ಅಂಥ ಅದೃಷ್ಟವನ್ನು ನೆಚ್ಚುವಂತಿಲ್ಲ. ಆಡಳಿತ ಖಾತೆಗಳು ಬೆರಳೆಣಿಕೆಯಷ್ಟಿರಬೇಕು, ಪ್ರತಿ ಬದಲಾವಣೆಯೂ ಪರಿಶೀಲನೆಗೆ ಒಳಪಡಬೇಕು, ಒಂದು ಪ್ರತಿ ಸದಾ ಜಾಲದಿಂದ ಹೊರಗಿರಬೇಕು. ಈ ಶಿಸ್ತಿಗೆ ಹೊಣೆಗಾರರನ್ನು ಗೊತ್ತುಪಡಿಸುವ ಕೆಲಸ ಆಡಳಿತ ಮಂಡಳಿಗಳದ್ದೇ.