ಮೊಬೈಲ್ ಕವರ್ ನಮ್ಮ ತಿಪ್ಪೆಯಲ್ಲಿ ಕರಗೀತೇ?

ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಾನು, ಕೈಖರ್ಚಿಗೆಂದು ರೋಣದ ಒಂದು ಮೊಬೈಲ್ ಅಂಗಡಿಯಲ್ಲಿ ಸಂಜೆ ಹೊತ್ತು ಕೆಲಸ ಮಾಡುತ್ತೇನೆ. ಅಲ್ಲಿ ಹೆಚ್ಚು ಖರ್ಚಾಗುವುದು ಮೊಬೈಲ್ ಅಲ್ಲ, ಕವರ್. ಹಳದಿಗಟ್ಟಿದ ಹಳೆಯ ಕವರನ್ನು ಗಿರಾಕಿಗಳು ಕೌಂಟರ್ ಮೇಲೆಯೇ ಬಿಟ್ಟು ಹೋಗುತ್ತಾರೆ. ರಾತ್ರಿ ಕಸ ಗುಡಿಸುವಾಗ ಅವೆಲ್ಲ ನನ್ನ ಪಾಲಿಗೆ ಬರುತ್ತವೆ.

ಕಳೆದ ದಸರೆ ಮುಗಿದ ಮೇಲೆ ‘ಮಣ್ಣಲ್ಲಿ ಕರಗುತ್ತದೆ’ ಎಂದು ಬರೆದಿದ್ದ ಒಂದು ಕವರನ್ನು ಮನೆಯ ತಿಪ್ಪೆಯಲ್ಲಿ ಹೂತಿಟ್ಟೆ. ಯುಗಾದಿ ನಂತರ ಹೊಲಕ್ಕೆ ಗೊಬ್ಬರ ಹೇರುವಾಗ ಅದು ಇದ್ದ ಹಾಗೆಯೇ ಹೊರಬಂತು. ಸಲಿಕೆ ಹಿಡಿದಿದ್ದ ಅಪ್ಪ, ‘ಇದನ್ನ ಹೊಲಕ್ಕ ಒಯ್ಯೂದೇನು ತಮ್ಮಾ?’ ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದದ್ದೇ ಈ ಬರಹ.

ಮೊದಲು ಕಾನೂನಿನ ಮಾತು. 2022ರ ಜುಲೈ 1ರಿಂದ ದೇಶದಲ್ಲಿ ಸ್ಟ್ರಾ, ಪ್ಲಾಸ್ಟಿಕ್ ಚಮಚ, ತಟ್ಟೆ, ಲೋಟದಂಥ ಏಕಬಳಕೆ ವಸ್ತುಗಳಿಗೆ ನಿಷೇಧವಿದೆ. ಆ ಪಟ್ಟಿಯಲ್ಲಿ ಮೊಬೈಲ್ ಕವರ್ ಇಲ್ಲ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಫೋನಿನ ಹೊಣೆ ತಯಾರಕರದು. ಆದರೆ ಕವರಿನಲ್ಲಿ ಕರೆಂಟ್ ಹರಿಯುವುದಿಲ್ಲವಲ್ಲ! ಪ್ಲಾಸ್ಟಿಕ್ ಪ್ಯಾಕಿಂಗ್ ವಾಪಸು ಪಡೆಯುವ ಜವಾಬ್ದಾರಿಯೂ ಕಂಪನಿಗಳ ಮೇಲಿದೆ. ಆದರೆ ಕವರ್ ಪ್ಯಾಕಿಂಗ್ ಅಲ್ಲ. ಹೀಗಾಗಿ ಕವರ್ ಸುತ್ತಿ ಬಂದ ಚೀಟಿಗೆ ವಾರಸುದಾರರಿದ್ದಾರೆ, ಕವರಿಗೆ ಯಾರೂ ಇಲ್ಲ.

ಇನ್ನು ‘ಕರಗುತ್ತದೆ’ ಎಂಬ ಮಾತು. ಭಾರತದಲ್ಲಿ ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ಕಿಗೆ ಐಎಸ್/ಐಎಸ್ಒ 17088 ಎಂಬ ಮಾನದಂಡವಿದೆ. ಮಾರುವ ಮೊದಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು. ಆ ಪರೀಕ್ಷೆಯಲ್ಲಿ ವಸ್ತುವಿನ ಇಂಗಾಲದ ಶೇ 90ರಷ್ಟು 180 ದಿನಗಳೊಳಗೆ ಇಂಗಾಲದ ಡೈಆಕ್ಸೈಡ್ ಆಗಬೇಕು. ಆದರೆ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ದೊಡ್ಡ ಕಾಂಪೋಸ್ಟ್ ಘಟಕದಲ್ಲಿ ಆ ಶಾಖವನ್ನು ತಿಂಗಳುಗಟ್ಟಲೆ ಕಾಯ್ದುಕೊಳ್ಳಬಹುದು. ಮನೆ ಹಿತ್ತಲ ತಿಪ್ಪೆ ನಡುವೆ ಒಂದಿಷ್ಟು ದಿನ ಬಿಸಿಯಾಗಿ ಆಮೇಲೆ ಆರಿಹೋಗುತ್ತದೆ. ಅಂದರೆ ಪ್ರಮಾಣಪತ್ರವಿದ್ದ ಕವರ್ ಕೂಡ ನಮ್ಮ ತಿಪ್ಪೆಯಲ್ಲಿ ಉಳಿದುಬಿಡಬಹುದು. ನಾನು ಹೂತಿದ್ದ ಕವರಿಗಂತೂ ಪ್ರಮಾಣಪತ್ರವೇ ಇರಲಿಲ್ಲ. ಇಂಥ ಪೊಳ್ಳು ‘ಹಸಿರು’ ಜಾಹೀರಾತು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಓದಿ ಪ್ರಶ್ನೆ ಕೇಳುವ ಗಿರಾಕಿ ಮಾತ್ರ ನಮ್ಮ ಅಂಗಡಿಗೆ ಇನ್ನೂ ಬಂದಿಲ್ಲ.

ಹಾಗಾದರೆ ಒಳ್ಳೆಯ ಕವರ್ ಮಾಡಲು ಸಾಧ್ಯವೇ ಇಲ್ಲವೇ? ಇದೆ. ಕೆನಡಾದ ಪೆಲಾ ಎಂಬ ಕಂಪನಿ, ಅಗಸೆ ಗಿಡದ ಕಡ್ಡಿಯ ಚೂರುಗಳನ್ನು ಸಸ್ಯಮೂಲದ ಪಾಲಿಮರ್ ಜೊತೆ ಬೆರೆಸಿ ಕವರ್ ಮಾಡಿ ಮಾರುತ್ತಿದೆ. ಇದನ್ನು ಓದಿದಾಗ ನನಗೆ ನೆನಪಾದದ್ದು ರೊಟ್ಟಿ ಜೊತೆಗಿನ ಅಗಸಿ ಹಿಂಡಿ. ನಾವು ಬೀಜ ತಿಂದು ಬಿಟ್ಟ ಗಿಡದ ಕಡ್ಡಿಯಲ್ಲಿ ಅವರು ವ್ಯಾಪಾರ ಕಂಡರು.

ನಮ್ಮ ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಅಗಸೆಗಿಂತ ಹತ್ತಿ ಹೆಚ್ಚು. ಜೋಳದ ಕಣಿಕೆಯನ್ನು ಇದಕ್ಕೆ ಮುಟ್ಟಬಾರದು, ಅದು ದನಗಳ ಮೇವು. ಹತ್ತಿಕಟ್ಟಿಗೆ ಹಾಗಲ್ಲ; ಒಲೆಗೆ ಹೋದದ್ದು ಬಿಟ್ಟರೆ ಉಳಿದದ್ದಕ್ಕೆ ಹೊಲದಲ್ಲೇ ಬೆಂಕಿ. ಅದನ್ನು ಹೊಲದಲ್ಲಿ ಹಾಗೇ ಬಿಟ್ಟರೆ ಗುಲಾಬಿ ಕಾಯಿಕೊರಕದ ಹುಳಕ್ಕೆ ಮನೆಯಾಗುತ್ತದೆ. ಮುಂಬೈಯಲ್ಲಿರುವ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಹತ್ತಿಕಟ್ಟಿಗೆಯಿಂದ ಹಲಗೆ ಮಾಡುವ ವಿಧಾನವನ್ನು ರೂಪಿಸಿದೆ. ಹಲಗೆಗೆ ಬರುವ ನಾರು ಪುಡಿ ಮಾಡಿದರೆ ಕವರಿಗೂ ಬಂದೀತು.

ಆದರೆ ವಿನ್ಯಾಸದ ಕಷ್ಟ ಇಲ್ಲಿಂದ ಶುರು. ಒಂದು, ಬಿಸಿಲು. ಮೆಕ್ಕೆಜೋಳದ ಪಿಷ್ಟದಿಂದ ಬರುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೆ ಮೆದುವಾಗುತ್ತದೆ. ನಮ್ಮ ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅಷ್ಟು ಕಾಯಬಲ್ಲದು. ಬಿಸಿಲಿಗೆ ಬಗ್ಗದ ಕವರ್ ತಿಪ್ಪೆಗೂ ಸುಲಭಕ್ಕೆ ಬಗ್ಗುವುದಿಲ್ಲ. ಎರಡು, ಪೆಟ್ಟು. ಅಮೆರಿಕದ ಸೇನಾ ಮಾನದಂಡದಲ್ಲಿ ವಸ್ತುವನ್ನು 1.22 ಮೀಟರ್ ಎತ್ತರದಿಂದ 26 ಸಲ ಬೀಳಿಸಿ ನೋಡುತ್ತಾರೆ. ನಾರು ಹೆಚ್ಚಾದರೆ ಕವರ್ ಪೆಡಸಾಗಿ ಮೂಲೆ ಸೀಳುತ್ತದೆ. ಮೂರನೆಯದೇ ದೊಡ್ಡದು: ಮಾಡೆಲ್. ನಮ್ಮ ಅಂಗಡಿಯ ಗೋಡೆಯಲ್ಲಿ ಒಮ್ಮೆ ಎಣಿಸಿದೆ. 60ಕ್ಕೂ ಹೆಚ್ಚು ಮಾಡೆಲ್‌ಗಳ ಕವರ್ ತೂಗುತ್ತಿದ್ದವು. ಒಂದೊಂದಕ್ಕೂ ಬೇರೆ ಅಚ್ಚು ಬೇಕು, ಒಂದು ಉಕ್ಕಿನ ಅಚ್ಚಿಗೆ ಲಕ್ಷದ ಲೆಕ್ಕದಲ್ಲಿ ಹಣ ಬೇಕು. ಅಚ್ಚಿನ ಸಾಲ ತೀರುವ ಮೊದಲೇ ಆ ಫೋನ್ ಹಳತಾಗಿರುತ್ತದೆ.

ಆದ್ದರಿಂದ ನಮ್ಮೂರಿನ ಯುವಕರು ನೇರವಾಗಿ ಕವರ್ ಕಾರ್ಖಾನೆಗೆ ಕೈ ಹಾಕುವುದು ಜಾಣತನವಲ್ಲ ಎಂಬುದು ನನ್ನ ಅಭಿಪ್ರಾಯ. ಹತ್ತಿಕಟ್ಟಿಗೆ ಸಂಗ್ರಹಿಸಿ, ಒಣಗಿಸಿ, ಪುಡಿ ಮಾಡಿ, ಹಲಗೆ ಮತ್ತು ಅಚ್ಚಿನ ಕಾರ್ಖಾನೆಗಳಿಗೆ ಪೂರೈಸುವ ಘಟಕ ಹೆಚ್ಚು ಗಟ್ಟಿ. ಮಾಡೆಲ್ ಬದಲಾದರೂ ಪುಡಿ ಹಾಳಾಗುವುದಿಲ್ಲ. ಪಿಎಂಇಜಿಪಿ ಯೋಜನೆಯಲ್ಲಿ ಉತ್ಪಾದನಾ ಘಟಕಕ್ಕೆ 50 ಲಕ್ಷ ರೂಪಾಯಿ ವರೆಗಿನ ಯೋಜನೆಗೆ ಅವಕಾಶವಿದೆ. ಗ್ರಾಮೀಣ ಭಾಗದ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರು ಹಾಗೂ ಪರಿಶಿಷ್ಟರೂ ಸೇರಿದ ವಿಶೇಷ ವರ್ಗಕ್ಕೆ ಶೇ 35 ಸಹಾಯಧನ ಸಿಗುತ್ತದೆ. ಆದರೆ ಸಾಲ ಎತ್ತುವ ಮೊದಲು ಪುಡಿ ಕೊಳ್ಳುವವರನ್ನು ಹುಡುಕಿಕೊಳ್ಳಬೇಕು. ಕೊಳ್ಳುವವರಿಲ್ಲದ ಪುಡಿಯೂ ಕಸವೇ.

ಫೋನಿಗೇ ಏನಾದರೂ ಮಾಡಬೇಕೆಂದರೆ ಗಜೇಂದ್ರಗಡದಲ್ಲಿ ನೇಕಾರರಿದ್ದಾರೆ. ಅಜ್ಜ ಎಲೆ ಅಡಿಕೆ ಇಟ್ಟುಕೊಳ್ಳುತ್ತಿದ್ದ ಚಂಚಿ ನೆನಪಿಸಿಕೊಳ್ಳಿ. ಉಳಿದ ಹತ್ತಿ ಬಟ್ಟೆಯನ್ನು ಎರಡು ಪದರು ಹೊಲಿದ ಚೀಲ ಎಲ್ಲ ಮಾಡೆಲ್‌ಗೂ ಆಗುತ್ತದೆ, ಹರಿದರೆ ತಿಪ್ಪೆಯಲ್ಲಿ ನಿಜಕ್ಕೂ ಕರಗುತ್ತದೆ. ಕೈಯಲ್ಲಿ ಹಿಡಿದಾಗ ಬಿದ್ದ ಫೋನನ್ನು ಅದು ಕಾಯದು, ಒಪ್ಪುತ್ತೇನೆ. ಕಿಸೆಯಲ್ಲಿ, ಬ್ಯಾಗಿನಲ್ಲಿ ಕಾಯುತ್ತದೆ.

ಇದೆಲ್ಲಕ್ಕೂ ಮೊದಲು ಆಗಬೇಕಾದ್ದು ಚಿಕ್ಕ ಕೆಲಸ. ಮೂರೂ ಊರುಗಳ ಪುರಸಭೆಗಳು ಮೊಬೈಲ್ ಅಂಗಡಿಗಳಲ್ಲಿ ಹಳೆಯ ಕವರಿಗೆ ಒಂದು ಡಬ್ಬಿ ಇಡಿಸಿ, ತಿಂಗಳಿಗೊಮ್ಮೆ ಒಣಕಸದ ಗಾಡಿಗೆ ಒಯ್ಯಲಿ. ನಮ್ಮ ಅಂಗಡಿಯಲ್ಲಿ ಮಾಲೀಕರನ್ನು ಕೇಳಿ ಒಂದು ರಟ್ಟಿನ ಡಬ್ಬಿ ಇಟ್ಟಿದ್ದೇನೆ. ಮೂರು ವಾರಕ್ಕೆ ತುಂಬಿದೆ. ಅದನ್ನು ಎಲ್ಲಿಗೆ ಒಯ್ಯಬೇಕೆಂದು ಹೇಳುವವರು ಇನ್ನೂ ಸಿಕ್ಕಿಲ್ಲ. ಅಪ್ಪನ ಪ್ರಶ್ನೆಗೂ ಅಲ್ಲಿಯವರೆಗೆ ನನ್ನದು ಅರ್ಧ ಉತ್ತರವೇ: ಹೊಲಕ್ಕಂತೂ ಒಯ್ಯುವುದಿಲ್ಲ.