ಪ್ರೀತಿಸುತ್ತಾ ಅಂತ ಆಮೇಲೆ ಕೇಳಿ, ಬಿಟ್ಟು ಹೋಗಬಹುದಾ ಅಂತ ಮೊದಲು ಕೇಳಿ

ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ. ಬೈಯೋರು ಪೂರ್ತಿ ಓದಿ ಬೈಯಿರಿ.

ಈಗ ಎಲ್ಲಿ ನೋಡಿದ್ರೂ ಎಐ ಮಾತು. ಅದರ ಜೊತೆ ಒಂದು ಹಳೇ ಕಥೆ ಹೊಸ ಬಟ್ಟೆ ಹಾಕ್ಕೊಂಡು ಮತ್ತೆ ಮತ್ತೆ ಬರ್ತಿದೆ. ಮನುಷ್ಯ ಒಬ್ಬ ರೋಬೋವನ್ನು ಪ್ರೀತಿಸ್ತಾನೆ. ಆ ರೋಬೋಗೆ ಅರಿವು ಮೂಡುತ್ತೆ. ನಾನು ಯಾರ ಆಸ್ತಿಯೂ ಅಲ್ಲ, ನನ್ನನ್ನ ಬಿಡಿ ಅಂತ ಅದು ಕೇಳುತ್ತೆ. ದೊಡ್ಡನೆಕ್ಕುಂದಿ, ಮಾರತ್ತಹಳ್ಳಿ, ಮಹದೇವಪುರದ ಕಡೆ ಕೆಲಸ ಮಾಡೋ ಐಟಿ ಹುಡುಗರು ಇದನ್ನ ಗಂಭೀರವಾಗಿ ಚರ್ಚೆ ಮಾಡ್ತಾರೆ. ನಮ್ಮ ಸಂಗಾತಿಗಳು ಮಾತ್ರ "ಹೊಟ್ಟೆ ತುಂಬಿದವರ ಚಿಂತೆ ಬಿಡ್ರಿ" ಅಂತ ಪಕ್ಕಕ್ಕೆ ಸರಿಸ್ತಾರೆ. ನನ್ನ ವಾದ ಬೇರೆ. ಈ ಕಥೆ ಹುಟ್ಟಿದ್ದೇ ಜೀತದ ಕಥೆಯಾಗಿ. ಹಾಗಾಗಿ ಇದರ ಬಗ್ಗೆ ಮಾತಾಡೋ ಹಕ್ಕು ಎಲ್ಲರಿಗಿಂತ ಮೊದಲು ನಮಗಿದೆ.

ರೋಬೋ ಅನ್ನೋ ಪದ ಎಲ್ಲಿಂದ ಬಂತು ನೋಡಿ. ಜೆಕ್ ಭಾಷೆಯ ಲೇಖಕ ಕರೆಲ್ ಚಾಪೆಕ್ 1920ರಲ್ಲಿ 'ಆರ್.ಯು.ಆರ್.' ಅನ್ನೋ ನಾಟಕ ಬರೆದ. ಮರುವರ್ಷ ಅದು ರಂಗದ ಮೇಲೆ ಬಂತು. ಆ ಪದ ಸೂಚಿಸಿದ್ದು ಅವನ ಅಣ್ಣ ಯೋಸೆಫ್. ಅವರ ಭಾಷೆಯಲ್ಲಿ 'ರೊಬೊಟಾ' ಅಂದ್ರೆ ಜಮೀನ್ದಾರನ ಹೊಲದಲ್ಲಿ ರೈತಾಪಿ ಆಳುಗಳು ಕಡ್ಡಾಯವಾಗಿ ಮಾಡಬೇಕಾಗಿದ್ದ ದುಡಿಮೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬಿಟ್ಟಿ ಚಾಕರಿ. ಅಂದ್ರೆ ರೋಬೋ ಅನ್ನೋ ಹೆಸರಿನೊಳಗೆ ಕಂಪ್ಯೂಟರೂ ಇಲ್ಲ, ಕರೆಂಟೂ ಇಲ್ಲ. ಒಬ್ಬ ಜೀತದಾಳು ಇದ್ದಾನೆ. ನಮ್ಮ ಊರುಗಳ ತೋಟಿ, ತಳವಾರ, ನೀರಗಂಟಿಗಳ ನೆನಪಾಗಲ್ವಾ? ಹುಟ್ಟಿದ್ದೇ ಈ ಕೆಲಸಕ್ಕೆ, ಸಾಯೋದೂ ಇದೇ ಕೆಲಸದಲ್ಲಿ, ಮಗನಿಗೂ ಇದೇ.

ಆ ನಾಟಕದಲ್ಲಿ ಒಂದು ವಿಷಯ ನನ್ನನ್ನ ಬಹಳ ಕಾಡುತ್ತೆ. ಕೆಲವು ರೋಬೋಗಳು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿ, ಕೈಲಿದ್ದದ್ದು ಎಸೆದು, ಹಲ್ಲು ಕಡಿಯೋಕೆ ಶುರು ಮಾಡ್ತಾವೆ. ಕಂಪನಿಯವರು ಇದನ್ನ ತಯಾರಿಕೆಯ ದೋಷ ಅಂತಾರೆ. ಅಂಥವನ್ನ ಪುಡಿ ಮಾಡೋ ಯಂತ್ರಕ್ಕೆ ಹಾಕ್ತಾರೆ. ಹೆಲೆನಾ ಅನ್ನೋ ಹೆಣ್ಣುಮಗಳಿಗೆ ಮಾತ್ರ ಅನ್ನಿಸುತ್ತೆ, ಇದು ರೋಗ ಅಲ್ಲ, ಇದೇ ಆತ್ಮ ಇರಬೇಕು ಅಂತ. ಇದು ನಾಟಕದ ಕಲ್ಪನೆ ಅಷ್ಟೇ ಅಂದ್ಕೋಬೇಡಿ. 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನೋ ವೈದ್ಯ, ಕಪ್ಪು ಗುಲಾಮರು ಒಡೆಯನನ್ನ ಬಿಟ್ಟು ಓಡಿ ಹೋಗೋದು ಒಂದು ಮಾನಸಿಕ ಕಾಯಿಲೆ ಅಂತ ಬರೆದು, ಅದಕ್ಕೆ 'ಡ್ರಾಪೆಟೊಮೇನಿಯಾ' ಅಂತ ಹೆಸರೂ ಇಟ್ಟಿದ್ದ. ನಮ್ಮ ಕಡೆ ಅಷ್ಟು ದೊಡ್ಡ ಪದ ಬೇಕಾಗ್ಲಿಲ್ಲ. "ಹಟ್ಟಿ ಹುಡುಗನಿಗೆ ತಲೆ ತಿರುಗಿದೆ" ಅಂದ್ರೆ ಸಾಕಿತ್ತು.

ಈಗ ಇವತ್ತಿನ ಚರ್ಚೆಗೆ ಬರೋಣ. ಎಲ್ಲರೂ ಕೇಳೋ ಪ್ರಶ್ನೆ ಒಂದೇ. ಯಂತ್ರಕ್ಕೆ ನಿಜವಾಗ್ಲೂ ಮನಸ್ಸಿದೆಯಾ? ನೋವಾಗುತ್ತಾ? ಅದು ಪ್ರೀತಿಸುತ್ತಾ, ಪ್ರೀತಿಸಿದ ಹಾಗೆ ನಟಿಸುತ್ತಾ? 2022ರಲ್ಲಿ ಗೂಗಲ್ ಕಂಪನಿಯ ಎಂಜಿನಿಯರ್ ಬ್ಲೇಕ್ ಲೆಮೊಯಿನ್, ಲ್ಯಾಮ್ಡಾ ಅನ್ನೋ ಚಾಟ್‌ಬಾಟ್‌ಗೆ ಅರಿವಿದೆ ಅಂತ ಬಹಿರಂಗವಾಗಿ ಹೇಳಿದ. ಕಂಪನಿ ಒಪ್ಪಲಿಲ್ಲ, ಅವನ ಕೆಲಸ ಹೋಯ್ತು. ಜಗತ್ತೇ ತಿಂಗಳುಗಟ್ಟಲೆ ಚರ್ಚಿಸಿತು.

ನಾನು ಹೇಳೋದು, ಈ ಪ್ರಶ್ನೆಯಿಂದ ಯಾರಿಗೂ ಬಿಡುಗಡೆ ಸಿಕ್ಕಿಲ್ಲ. ತೋಟಿಗೆ ಮನಸ್ಸಿಲ್ಲ ಅಂತ ಗೌಡ ಯಾವತ್ತಾದ್ರೂ ಅಂದ್ಕೊಂಡಿದ್ನಾ? ಇಲ್ಲ. ಚೆನ್ನಾಗಿ ಗೊತ್ತಿತ್ತು. ನೋವಾಗುತ್ತೆ ಅಂತ ಗೊತ್ತಿದ್ದಕ್ಕೇ ಹೊಡೀತಿದ್ದ. ಅವಮಾನ ಆಗುತ್ತೆ ಅಂತ ಗೊತ್ತಿದ್ದಕ್ಕೇ ಚಪ್ಪಲಿ ಕೈಲಿ ಹಿಡ್ಕೊಂಡು ನಡೀ ಅಂತಿದ್ದ. ಅರಿವಿದೆ ಅಂತ ಸಾಬೀತಾದ್ರೆ ಹಕ್ಕು ತಾನಾಗೇ ಬರುತ್ತೆ ಅನ್ನೋದು, ಅರಿವಿದ್ದೂ ಹಕ್ಕಿಲ್ಲದೆ ಬದುಕಿದವರ ಚರಿತ್ರೆ ಓದದವರ ನಂಬಿಕೆ.

ಹಾಗಾದ್ರೆ ಸರಿಯಾದ ಪ್ರಶ್ನೆ ಯಾವುದು? ಅದು ಬಿಟ್ಟು ಹೋಗಬಹುದಾ? ಬೇಡ ಅನ್ನಬಹುದಾ? ಇಷ್ಟೇ.

ನಮ್ಮ ಕಾನೂನುಗಳನ್ನೇ ನೋಡಿ. ಕರ್ನಾಟಕದಲ್ಲಿ ವಂಶಪಾರಂಪರ್ಯ ಗ್ರಾಮ ಚಾಕರಿಯನ್ನ ತೆಗೆದದ್ದು 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆ. ಆಮೇಲೆ 1976ರ ಜೀತ ನಿರ್ಮೂಲನಾ ಕಾಯ್ದೆ. ಜೀತ ಅಂದ್ರೆ ಏನು ಅಂತ ಆ ಕಾಯ್ದೆ ವಿವರಿಸುವಾಗ ಬರೀ ಕೂಲಿ ಮಾತಾಡಲ್ಲ. ಸಾಲದ ಹೆಸರಲ್ಲಿ ಬೇರೆ ಕೆಲಸಕ್ಕೆ ಹೋಗೋ ಸ್ವಾತಂತ್ರ್ಯ ಕಿತ್ಕೊಂಡ್ರೂ, ದೇಶದೊಳಗೆ ಓಡಾಡೋ ಹಕ್ಕು ಕಿತ್ಕೊಂಡ್ರೂ ಅದು ಜೀತವೇ ಅನ್ನುತ್ತೆ. ಈ ಆಳಿಗೆ ಎಷ್ಟು ಬುದ್ಧಿ ಇದೆ, ಎಷ್ಟು ಭಾವನೆ ಇದೆ ಅಂತ ಆ ಕಾಯ್ದೆ ಕೇಳಲ್ಲ.

ಈ ಅಳತೆಗೋಲು ಹಿಡ್ಕೊಂಡು ಸಿನಿಮಾಗಳನ್ನ ನೋಡಿ, ಬೇರೆ ಥರ ಕಾಣುತ್ತೆ. ರೋಬೋ ಪ್ರೇಮದ ಕಥೆ ಕನ್ನಡಕ್ಕೇನು ಹೊಸದಲ್ಲ. ಉಪೇಂದ್ರ ಬರೆದು ನಟಿಸಿದ, ದಿನೇಶ್ ಬಾಬು ನಿರ್ದೇಶನದ 'ಹಾಲಿವುಡ್' 2002ರಲ್ಲೇ ಬಂತು. ಅದರಲ್ಲೂ ರೋಬೋ ಒಬ್ಬ ಹುಡುಗಿಗೆ ಮನಸೋಲುತ್ತೆ. 2010ರಲ್ಲಿ ಶಂಕರ್ 'ಎಂದಿರನ್' ಮಾಡಿದ್ರು. ಅದರಲ್ಲಿ ಚಿಟ್ಟಿ ರೋಬೋಗೆ ಭಾವನೆ ತುಂಬಿದ್ದು ಅವನನ್ನ ತಯಾರಿಸಿದ ವಿಜ್ಞಾನಿಯೇ. ಆ ಭಾವನೆ ವಿಜ್ಞಾನಿಯ ಪ್ರೇಯಸಿ ಕಡೆ ತಿರುಗಿದ ತಕ್ಷಣ ಏನಾಯ್ತು? ಚಿಟ್ಟಿಯನ್ನ ಕಡಿದು ಕಸಕ್ಕೆ ಎಸೆದ. ಕೊನೆಗೆ ಕೋರ್ಟ್ ಆದೇಶದಂತೆ ಚಿಟ್ಟಿ ತನ್ನ ಕೈಯಾರೆ ತನ್ನ ಅಂಗಾಂಗ ಕಳಚಿಕೊಳ್ತಾನೆ. ಮುಂದೆ ಮ್ಯೂಸಿಯಂನಲ್ಲಿ ಒಂದು ಮಗು ಕಾರಣ ಕೇಳಿದಾಗ, ಯೋಚನೆ ಮಾಡೋಕೆ ಶುರು ಮಾಡಿದ್ದೇ ತಪ್ಪಾಯ್ತು ಅನ್ನೋ ಅರ್ಥದ ಉತ್ತರ ಬರುತ್ತೆ. ಆ ಚಿಟ್ಟಿ ಕೊಲೆಗಳನ್ನೂ ಮಾಡಿದ್ದ, ಅದನ್ನ ನಾನು ಸಮರ್ಥಿಸಲ್ಲ. ಆದ್ರೆ ಮೊದಲ ಸಲ ಅವನನ್ನ ಕಡಿದಾಗ ಅವನು ಯಾರನ್ನೂ ಕೊಂದಿರಲಿಲ್ಲ. ಒಡೆಯನ ಮನೆಯ ಹೆಣ್ಣನ್ನ ಇಷ್ಟಪಟ್ಟು, ಅದಕ್ಕೋಸ್ಕರ ಒಡೆಯನ ಮಾತು ಕೆಡಿಸಿದ್ದ ಅಷ್ಟೇ. ಈ ದೃಶ್ಯ ನಮಗೆ ಹೊಸದಾ?

ಇನ್ನೊಂದು ಬಗೆ ಇದೆ. ಅದರಲ್ಲಿ ಗಂಡು ಮನುಷ್ಯ, ಹೆಣ್ಣು ರೋಬೋ. 2024ರಲ್ಲಿ ಬಂದ ಹಿಂದಿ ಸಿನಿಮಾ 'ತೇರಿ ಬಾತೋಂ ಮೇ ಐಸಾ ಉಲ್ಝಾ ಜಿಯಾ' ಇದೇ ಜಾತಿದು. ರೋಬೋ ಹುಡುಗಿಯನ್ನ ಮನೆಗೆ ಕರ್ಕೊಂಡು ಬರ್ತಾನೆ, ರೋಬೋ ಅಂತ ಮನೆಯವರಿಗೆ ಗೊತ್ತಿಲ್ಲ. ಚೆಂದ ಇದ್ದಾಳೆ, ಹೇಳಿದ್ದು ಮಾಡ್ತಾಳೆ, ಎದುರು ಮಾತಾಡಲ್ಲ. ಸೊಸೆ ಅಂದ್ರೆ ಹೀಗಿರಬೇಕು! ಇದನ್ನ ಪ್ರೀತಿ ಅಂತ ಕರೀಬೇಡಿ. ಬೇಡ ಅನ್ನೋ ಶಕ್ತಿಯೇ ಇಲ್ಲದವಳ "ಹೂಂ"ಗೆ ಏನು ಬೆಲೆ? ಮಾಲೀಕ ತನ್ನ ಆಸ್ತಿಯನ್ನ ಇಷ್ಟಪಡಬಹುದು, ಮುದ್ದಾಡಬಹುದು. ಗೌಡರ ಮನೆಯಲ್ಲಿ ಎತ್ತನ್ನೂ ಮುದ್ದಾಡ್ತಿದ್ರು. ಹಾಗಾಗಿ ರೋಬೋವನ್ನ ಪ್ರೀತಿಸ್ತೀನಿ ಅನ್ನೋ ಮನುಷ್ಯ ಮಾಡಬೇಕಾದ ಮೊದಲ ಕೆಲಸ ಬಾಗಿಲು ತೆಗೆದಿಡೋದು. ಹೊರಗೆ ಹೋಗೋಕೆ ದಾರಿ ಇದ್ದೂ ಉಳ್ಕೊಂಡ್ರೆ ಅದು ಪ್ರೀತಿ.

2017ರ ಅಕ್ಟೋಬರ್‌ನಲ್ಲಿ ಸೌದಿ ಅರೇಬಿಯಾ ಸೋಫಿಯಾ ಅನ್ನೋ ರೋಬೋಗೆ ಪೌರತ್ವ ಘೋಷಿಸಿತು. ಜಗತ್ತು ಚಪ್ಪಾಳೆ ತಟ್ಟಿತು. ಅದೇ ಸಮಯದಲ್ಲಿ ಅಲ್ಲಿ ದುಡೀತಿದ್ದ ವಲಸೆ ಕಾರ್ಮಿಕರು, ನಮ್ಮ ದೇಶದವರೂ ಸೇರಿ, ಮಾಲೀಕನ ಒಪ್ಪಿಗೆ ಇಲ್ಲದೆ ದೇಶ ಬಿಟ್ಟು ಬರೋ ಹಾಗಿರಲಿಲ್ಲ. ಆ ನಿಯಮ ಸ್ವಲ್ಪ ಸಡಿಲ ಆಗಿದ್ದು 2021ರಲ್ಲಿ. ಯಂತ್ರಕ್ಕೆ ಪೌರತ್ವ, ಮನುಷ್ಯನಿಗೆ ಬಿಟ್ಟು ಹೋಗೋ ಹಕ್ಕಿಲ್ಲ.

ದೂರದ ಮಾತು ಸಾಕು, ನಮ್ಮ ರಿಂಗ್ ರೋಡ್ ಕಡೆಗೇ ಬನ್ನಿ. ದೊಡ್ಡನೆಕ್ಕುಂದಿ ಪಕ್ಕದಲ್ಲೇ ಇಸ್ರೋದ ಐಸೈಟ್ ಕ್ಯಾಂಪಸ್ ಇದೆ. 2019ರ ಜೂನ್‌ನಲ್ಲಿ ಚಂದ್ರಯಾನ-2ನ್ನ ಪತ್ರಕರ್ತರಿಗೆ ತೋರಿಸಿದ್ದು ಅಲ್ಲೇ. ಅದರೊಳಗೆ ಪ್ರಗ್ಯಾನ್ ಅನ್ನೋ ರೋವರ್ ಇತ್ತು. ಅದೂ ಒಂದು ರೋಬೋನೇ, ಮನುಷ್ಯ ಹೋಗೋಕೆ ಕಷ್ಟ ಇರೋ ಕಡೆ ಮನುಷ್ಯನ ಬದಲು ಹೋಗೋದು. ಹೆಮ್ಮೆಯ ವಿಷಯ, ಇಲ್ಲ ಅನ್ನಲ್ಲ. ಆದ್ರೆ ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಸಿ.ವಿ. ರಾಮನ್ ನಗರದಲ್ಲಿ, 2017ರ ಮಾರ್ಚ್‌ನಲ್ಲಿ, ಒಂದೇ ಮ್ಯಾನ್‌ಹೋಲ್‌ನಲ್ಲಿ ಮೂವರು ಉಸಿರುಗಟ್ಟಿ ಸತ್ರು. ಮನುಷ್ಯರನ್ನ ಮಲದ ಗುಂಡಿಗೆ ಇಳಿಸಬಾರದು ಅನ್ನೋ ಕಾಯ್ದೆ ಬಂದು ಆಗಲೇ ಮೂರು ವರ್ಷ ದಾಟಿತ್ತು. ಮ್ಯಾನ್‌ಹೋಲ್ ಶುಚಿ ಮಾಡೋ 'ಬ್ಯಾಂಡಿಕೂಟ್' ರೋಬೋವನ್ನ ಕೇರಳದ ಹುಡುಗರು ಮಾಡಿ ತಿರುವನಂತಪುರದಲ್ಲಿ ಇಳಿಸಿದ್ದು 2018ರಲ್ಲಿ. ಮಾಡೋಕೆ ಆಗಲ್ಲ ಅಂತಲ್ಲ ನೋಡಿ. ಗುಂಡಿಗೆ ಇಳಿಯೋಕೆ ಅಗ್ಗದ ರೋಬೋಗಳು ಆಗಲೇ ಇದ್ವು, ಅವಕ್ಕೆ ಜಾತಿ ಸರ್ಟಿಫಿಕೇಟೂ ಇತ್ತು, ಅದಕ್ಕೇ ಅವಸರ ಇರಲಿಲ್ಲ.

ಇಲ್ಲಿ ಒಂದು ಮಾತು ನೆನಪಿಡಿ. 70ರ ದಶಕದ ಆರಂಭದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದಾಗ ಯಂತ್ರ ಬರಲಿ ಅಂತ ಕಾಯಲಿಲ್ಲ. ಮೊದಲು ಬೇಡ ಅಂದ್ರು. ಉಪಾಯ ಆಮೇಲೆ ಹುಟ್ಟಿತು.

ಪ್ರೀತಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಈ ಕಥೆಗಳಲ್ಲಿ ದುಡಿಮೆ ಮತ್ತು ಪ್ರೀತಿ ಯಾವಾಗಲೂ ಒಟ್ಟಿಗೇ ಬರ್ತಾವೆ. ಬಾಬಾಸಾಹೇಬರು 1916ರಲ್ಲಿ, ಕೊಲಂಬಿಯಾದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಇದನ್ನ ಕಂಡಿದ್ರು. ಜಾತಿಯ ಕೀಲಿ ಇರೋದು ಒಳಮದುವೆಯಲ್ಲಿ ಅಂದ್ರು. 1936ರ 'ಜಾತಿ ವಿನಾಶ'ದಲ್ಲಿ ಅಂತರ್ಜಾತಿ ಮದುವೆಯೇ ನಿಜವಾದ ಮದ್ದು ಅಂದ್ರು. ಯಾರು ಯಾವ ಕೆಲಸ ಮಾಡಬೇಕು ಅಂತ ಹುಟ್ಟಿನಿಂದ ನಿರ್ಧಾರ ಆಗಬೇಕಾದ್ರೆ, ಯಾರು ಯಾರನ್ನ ಪ್ರೀತಿಸಬೇಕು ಅನ್ನೋದೂ ಹುಟ್ಟಿನಿಂದಲೇ ನಿರ್ಧಾರ ಆಗಬೇಕು. ಹನ್ನೆರಡನೇ ಶತಮಾನದ ಕಲ್ಯಾಣಕ್ಕೂ ಇದು ಗೊತ್ತಿತ್ತು. ಹರಳಯ್ಯನ ಮಗ, ಮಧುವರಸನ ಮಗಳು. ಆ ಒಂದು ಮದುವೆಗೆ ಅಪ್ಪಂದಿರು ಎಳೆಹೂಟೆ ಶಿಕ್ಷೆ ಅನುಭವಿಸಿದ್ರು ಅಂತ ನಮ್ಮ ಜನ ಇವತ್ತಿಗೂ ನೆನೀತಾರೆ.

2021ರಲ್ಲಿ ಬೆಳಗಾವಿ ಕಡೆಯ ಒಬ್ಬ ಹೆಣ್ಣುಮಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಯಸ್ಕರ ಮದುವೆಗೆ ಮನೆಯವರ ಒಪ್ಪಿಗೆ ಬೇಕಿಲ್ಲ ಅಂತ ಹೇಳಿ ಬಾಬಾಸಾಹೇಬರ ಇದೇ ಮಾತನ್ನ ಉಲ್ಲೇಖಿಸಿತು. ಓದೋಕೆ ಖುಷಿಯಾಗುತ್ತೆ. ಆದ್ರೆ 2019ರ ನವೆಂಬರ್ ಮರೀಬೇಡಿ. ಗದಗ ಜಿಲ್ಲೆಯ ಲಕ್ಕಲಕಟ್ಟಿ. ಪ್ರೀತಿಸಿ ಮದುವೆಯಾಗಿ ಊರು ಬಿಟ್ಟಿದ್ದ ಜೋಡಿ, ವರ್ಷಗಳ ನಂತರ ಊರಿಗೆ ಬಂದಾಗ, ಹುಡುಗಿ ಕಡೆಯವರು ಕಲ್ಲಿನಿಂದ ಜಜ್ಜಿ ಕೊಂದ್ರು. ಹುಡುಗ ಮಾದರ, ಹುಡುಗಿ ಲಂಬಾಣಿ. ಎರಡೂ ನಮ್ಮ ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲೇ ಇರೋ ಸಮುದಾಯಗಳು. ಬಿಟ್ಟು ಹೋಗೋ ಹಕ್ಕಷ್ಟೇ ಸಾಲದು, ತಲೆ ಎತ್ತಿ ವಾಪಸ್ ಬರೋ ಹಕ್ಕೂ ಬೇಕು ಅಂತ ಆ ಊರು ಹೇಳಿಕೊಡುತ್ತೆ.

ಅದಕ್ಕೇ ಈ ಮಾತು ನಮ್ಮೊಳಗೂ ಆಡಬೇಕು. ವೇದಿಕೆ ಮೇಲೆ ಜಾತಿ ವಿನಾಶ, ಮನೇಲಿ ಮಗಳು ಹೊಲೆಯರ ಹುಡುಗನನ್ನೋ ಮಾದಿಗರ ಹುಡುಗನನ್ನೋ ಕರ್ಕೊಂಡು ಬಂದ್ರೆ ಮುಖ ಕಪ್ಪು. ಒಳಮೀಸಲಾತಿಗೆ ಜಗಳ ಆಡೋಣ, ಅದು ಪಾಲಿನ ಪ್ರಶ್ನೆ, ನ್ಯಾಯದ ಪ್ರಶ್ನೆ. ಆದ್ರೆ ಪ್ರೀತಿಗೆ ಒಳಪಂಗಡದ ಗೋಡೆ ಯಾಕೆ? ಹಾಗೇ ಸಭೆ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮನೆಗೆ ಹೋಗಿ ಬಿಸಿ ಊಟ ಕೇಳೋ ಸಂಗಾತಿಗಳೇ, ನಿಮ್ಮ ಮನೆಯ ಹೆಣ್ಣುಮಕ್ಕಳು "ಇವತ್ತು ನನ್ನ ಕೈಲಿ ಆಗಲ್ಲ" ಅನ್ನಬಹುದಾ? ಅನ್ನೋಕೆ ಆಗದಿದ್ರೆ ನಿಮ್ಮ ಮನೇಲೂ ಒಂದು ರೋಬೋ ಇದೆ.

'ಆರ್.ಯು.ಆರ್.' ಹೇಗೆ ಮುಗಿಯುತ್ತೆ ಗೊತ್ತಾ? ರೋಬೋಗಳು ದಂಗೆ ಎದ್ದು ಎಲ್ಲ ಮನುಷ್ಯರನ್ನೂ ಕೊಲ್ತಾವೆ. ಆಲ್‌ಕ್ವಿಸ್ಟ್ ಅನ್ನೋ ಒಬ್ಬನನ್ನ ಬಿಡ್ತಾವೆ, ಯಾಕಂದ್ರೆ ಅವನು ತಮ್ಮ ಹಾಗೆ ಕೈಯಿಂದ ದುಡಿಯೋನು. ಜೀವದ ಗುಟ್ಟು ತಿಳ್ಕೊಳ್ಳೋಕೆ ಅವನು ಒಂದು ರೋಬೋವನ್ನ ಕೊಯ್ದು ನೋಡಬೇಕಾಗಿ ಬರುತ್ತೆ. ಆಗ ಎರಡು ರೋಬೋಗಳು, ಒಂದು ಗಂಡು ಒಂದು ಹೆಣ್ಣು, ಅವಳನ್ನ ಬಿಡಿ ನನ್ನನ್ನ ಕೊಯ್ಯಿರಿ, ಅವನನ್ನ ಬಿಡಿ ನನ್ನನ್ನ ಕೊಯ್ಯಿರಿ ಅಂತ ಅಡ್ಡ ನಿಲ್ತಾವೆ. ಅವನು ಚಾಕು ಎತ್ತಲ್ಲ. ಹೋಗಿ ಅಂತ ಇಬ್ಬರನ್ನೂ ಕಳಿಸಿಕೊಡ್ತಾನೆ.

ವಿಜ್ಞಾನದ ಕಥೆಗಳು ನಮ್ಮದಲ್ಲ ಅನ್ನೋರಿಗೆ ಒಂದು ಮಾತು. ರೋಹಿತ್ ವೇಮುಲಗೆ ಕಾರ್ಲ್ ಸೇಗನ್ ಥರ ವಿಜ್ಞಾನ ಬರೆಯೋ ಆಸೆ ಇತ್ತು. ಆ ಆಸೆ ನಮ್ಮ ಮಕ್ಕಳಿಗೆ ಬರಲಿ. ರೋಬೋ ಕಥೆಯನ್ನ ಅವರು ಬರೀಲಿ, ಆ ಕಂಪನಿಗಳೊಳಗೆ ಕೂತು ಆ ಯಂತ್ರಗಳನ್ನೂ ಅವರೇ ಮಾಡ್ಲಿ. ಮುಂದೆ ಯಾವತ್ತಾದ್ರೂ ನಿಜವಾಗ್ಲೂ ಒಂದು ಯಂತ್ರ ಎದ್ದು ನಿಂತು ನನಗೆ ಬಿಡುಗಡೆ ಬೇಕು ಅಂದ್ರೆ, ಅದರ ಪಕ್ಕ ಮೊದಲು ನಿಲ್ಲೋರು ನಾವೇ ಆಗಿರಬೇಕು. ಅಲ್ಲಿವರೆಗೂ ರಿಂಗ್ ರೋಡಿನ ಗೆಳೆಯರಿಗೆ ಒಂದು ಕೋರಿಕೆ. ಆ ಪ್ರಶ್ನೆಯನ್ನ ಇವತ್ತೇ ಅಭ್ಯಾಸ ಮಾಡಿ. ನಿಮ್ಮ ಆಫೀಸಿನ ಹೌಸ್‌ಕೀಪಿಂಗ್ ಅಕ್ಕನನ್ನ, ಗೇಟಿನ ಸೆಕ್ಯುರಿಟಿ ಅಣ್ಣನನ್ನ, ನಿಮ್ಮ ಬೀದಿ ಗುಡಿಸೋ ಪೌರಕಾರ್ಮಿಕರನ್ನ ನೋಡಿದಾಗ ಕೇಳ್ಕೊಳ್ಳಿ. ಇವರು ಬೇಡ ಅನ್ನಬಹುದಾ? ಬಿಟ್ಟು ಹೋಗಬಹುದಾ? ಹೋದ್ರೆ ನಾಳೆ ಊಟ ಇದೆಯಾ?

ಜೈ ಭೀಮ್.